ಎರಡು ಸರ್ವೆಗಳೂ ಎಣಿಸದ ಗುಡ್ಲು

ಆರೋಗ್ಯ ಸರ್ವೆಯ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ನಮ್ಮ ಬೀದಿಯವಳೇ. "ಆಂಟಿ, ಬೇರೆ ಬೇರೆ ದೇಶದವರು ಮಾಡಿಸಿದ ಎರಡು ಸರ್ವೆಗಳನ್ನ ಸೇರಿಸೋದಕ್ಕೆ ನಿಮ್ಮ ಕಾಲದಲ್ಲಿ ಎಷ್ಟು ಹೊತ್ತು ಹಿಡೀತಿತ್ತು?" ಎಂದು ಕೇಳಿದಳು. ಒಂದೂವರೆ ವರ್ಷ ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟು ನಕ್ಕಳು. ಈಗ ಗುಂಡಿ ಒತ್ತಿದರೆ ಮಧ್ಯಾಹ್ನದ ಊಟದೊಳಗೆ ಆಗುತ್ತದಂತೆ. ಆಗಲಿ, ಸಂತೋಷ. ಆದರೆ ಅವಳು ಹೋದ ಮೇಲೆ ನನಗೆ ಮನಸ್ಸು ತಡೆಯಲಿಲ್ಲ. ಬೇಗ ಆದರೂ ನಿಧಾನ ಆದರೂ ಈ ಕೆಲಸದಲ್ಲಿ ಜಾರಿ ಬೀಳುವ ಜಾಗ ಒಂದೇ. ಅದನ್ನು ಅವಳಿಗೆ ಹೇಳದೆ ಕಳಿಸಿಬಿಟ್ಟೆನಲ್ಲ ಎನ್ನಿಸಿ ಬರೆಯಲು ಕೂತಿದ್ದೇನೆ.

ನಾನು ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎನ್ನುವುದು ಪೆನ್ಷನ್ ಕಾಗದದಲ್ಲಿದೆ. ಬೇಕಾದವರು ಓದಿಕೊಳ್ಳಲಿ.

ನಮ್ಮ ಆಫೀಸು ಮಧುಗಿರಿಯಲ್ಲಿ, ಬೆಟ್ಟದ ಕೆಳಗಿನ ಒಂದು ಬಾಡಿಗೆ ಮನೆಯಲ್ಲಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ದೇಶದವರ ನೆರವಿನಿಂದ ಹೆರಿಗೆಯ ಸರ್ವೆ ನಡೆಯಿತು. ಯಾವ ಹೆಂಗಸು ಎಷ್ಟು ಹೆತ್ತಳು, ಎಷ್ಟು ಉಳಿದವು ಎಂಬ ಲೆಕ್ಕ. ಅದರ ಫಾರಂ ಹಸಿರು ಬಣ್ಣದ್ದು. ಎಂಬತ್ತರ ದಶಕ ಬಂದ ಮೇಲೆ ಇನ್ನೊಂದು ದೇಶದವರು ಮಕ್ಕಳ ಪೌಷ್ಟಿಕತೆಯ ಸರ್ವೆ ಮಾಡಿಸಿದರು. ಮಕ್ಕಳ ತೂಕ, ತೋಳಿನ ಸುತ್ತಳತೆ, ಕಾಯಿಲೆ ಕಸಾಲೆ. ಅದರ ಫಾರಂ ಬಿಳಿ. ಎರಡೂ ನಡೆದದ್ದು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅವೇ ಹಳ್ಳಿಗಳಲ್ಲಿ, ಬಹುಪಾಲು ಅವೇ ಮನೆಗಳಲ್ಲಿ. ನಾನು ಎರಡರಲ್ಲೂ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದವಳು.

ನಮ್ಮ ಮೇಲಿನ ಅಧಿಕಾರಿ ರಾಜಶೇಖರಯ್ಯನವರು. ಲೆಕ್ಕದಲ್ಲಿ ಪಂಡಿತರು, ಬಾಯಿ ಮಾತ್ರ ಹಸಿಮೆಣಸಿನಕಾಯಿ. ಕೊರಟಗೆರೆ ಕಡೆಯ ಒಂದು ಹಳ್ಳಿಯಿಂದ ನಾನು ತಂದ ಮೊದಲನೇ ಕಟ್ಟು ಹಸಿರು ಫಾರಂ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನ್ರೀ ಶಿವಗಂಗಮ್ಮ, ಈಯಮ್ಮನ ವಯಸ್ಸು ಇಪ್ಪತ್ತೆರಡು, ದೊಡ್ಡ ಮಗನ ವಯಸ್ಸು ಹದಿನೆಂಟು. ನಾಲ್ಕನೇ ವರ್ಷಕ್ಕೇ ಹೆತ್ತಳಾ?"

"ಅವರು ಹೇಳಿದ್ದನ್ನೇ ಬರೆದೆ ಸರ್."

"ಅವರು ಹೇಳಿದ್ದನ್ನ ಬರೆಯೋದಕ್ಕೆ ಗಿಳಿ ಸಾಕಿತ್ತಲ್ರೀ, ನಿಮಗೆ ಯಾಕೆ ಸಂಬಳ? ಹೋಗಿ, ಸಂಜೆಯೊಳಗೆ ಸರಿ ಮಾಡ್ಕೊಂಡು ಬನ್ನಿ."

ಕಣ್ಣೀರು ನುಂಗಿಕೊಂಡು ಬಸ್ಸು ಹತ್ತಿದೆ. ಆಯಮ್ಮ ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ನಂಗೇನವ್ವ ಗೊತ್ತು ವಯಸ್ಸು? ನಿಮ್ಮುಖ ನೋಡ್ದೆ, ನನ್ ತಂಗಿ ವಾರ್ಗೆ ಇದ್ದಂಗಿದ್ರಿ, ಅವಳ್ದು ಯೋಳ್ದೆ." ಆಮೇಲೆ ನಾವಿಬ್ಬರೂ ಜಗಲಿಯ ಮೇಲೆ ಕೂತು, ಕೆರೆ ಕೋಡಿ ಬಿದ್ದ ವರ್ಷ ಅವಳು ಎಷ್ಟು ಉದ್ದವಿದ್ದಳು, ಮದುವೆಯಾದಾಗ ಊರಿಗೆ ಕರೆಂಟು ಬಂದಿತ್ತೋ ಇಲ್ಲವೋ ಎಂದೆಲ್ಲ ಲೆಕ್ಕ ಹಾಕಿ ಮೂವತ್ತೇಳಕ್ಕೆ ಬಂದು ನಿಂತೆವು. ರಾಜಶೇಖರಯ್ಯನವರು ಬೈದದ್ದು ಒಳ್ಳೆಯದಕ್ಕೇ. ಅವತ್ತಿನಿಂದ ವಯಸ್ಸು ಕೇಳುವುದನ್ನು ನಾನು ಕಲಿತೆ.

ಕೇಳುವ ಬಗೆಯನ್ನು ನನಗೆ ನಿಜವಾಗಿ ಕಲಿಸಿದವರು ಸಿರಾದ ಖಲೀಲ್ ಸಾಬರು. ನನಗಿಂತ ಹದಿನೈದು ವರ್ಷ ದೊಡ್ಡವರು, ಸೈಕಲ್ಲಿನಲ್ಲಿ ಸುತ್ತದ ಹಳ್ಳಿಯಿಲ್ಲ. ಗಂಡಸರ ಹತ್ತಿರ ಹೆಂಗಸರು ಹೆರಿಗೆಯ ಮಾತು ಆಡುವುದಿಲ್ಲವೆಂದು ಅವರು ಹೊರಗೆ ಯಜಮಾನನ ಜೊತೆ ಬೀಡಿ ಸೇದುತ್ತ ಮಳೆ ಬೆಳೆ ವಿಚಾರಿಸುವುದು, ನಾನು ಒಳಗೆ ಹೋಗುವುದು ಎಂದು ಗೊತ್ತು ಮಾಡಿಕೊಂಡಿದ್ದೆವು. ಫಾರಂನಲ್ಲಿ "ಎಷ್ಟು ಮಕ್ಕಳು ಸತ್ತಿವೆ?" ಎಂದು ಅಚ್ಚಾಗಿತ್ತು. ಬರಗೂರಿನ ಹತ್ತಿರ ಒಂದು ಮನೆಯಲ್ಲಿ ನಾನು ಹಾಗೇ ಕೇಳಿದಾಗ ಅತ್ತೆಯಾದವಳು ಮೊರ ಎತ್ತಿಕೊಂಡು ಎದ್ದಳು. ತುಂಬಿದ ಮನೆಗೆ ಬಂದು ಸಾವು ಕೇಳುತ್ತೀಯಾ ಎಂದು ಅವಳ ಸಿಟ್ಟು. ನ್ಯಾಯವಾದ ಸಿಟ್ಟೇ.

ಸಾಬರು ವಾಪಸು ಬರುವಾಗ ಸೈಕಲ್ ತಳ್ಳಿಕೊಂಡು ಹೇಳಿದರು: "ಹಂಗೆ ಕೇಳ್ಬಾರ್ದಮ್ಮ. 'ಎಷ್ಟು ಹೊತ್ತಿದ್ಯಮ್ಮ ನೀನು? ಎಲ್ಲಾ ಮನೇಲೇ ಅವ್ರಾ?' ಅಂತ ಕೇಳು. ಹೋದೋರ ಮಾತು ಆಕೆ ಬಾಯಿಂದಾನೇ ಬರ್ತದೆ. ಜಲ್ದಿ ಮಾಡ್ಬೇಡ. ಸುಮ್ನೆ ಕೂತಿರು."

ಸುಮ್ಮನೆ ಕೂತಿದ್ದರೆ ಬರುತ್ತಿತ್ತು. ಕೆಲವರು ಒಂದೊಂದೇ ಬೆರಳು ಮಡಿಸಿ ಹೇಳುತ್ತಿದ್ದರು. ಕೆಲವರು ಹೇಳುತ್ತ ಹೇಳುತ್ತ ರಾಗಿ ಬೀಸುವುದನ್ನು ನಿಲ್ಲಿಸುತ್ತಿರಲಿಲ್ಲ. ಒಂದು ದಿನಕ್ಕೆ ಹನ್ನೆರಡು ಮನೆ ಮುಗಿಸಬೇಕೆಂದು ಮೇಲಿನಿಂದ ಅಪ್ಪಣೆ. ಸುಮ್ಮನೆ ಕೂತರೆ ಏಳು ಮನೆ ಆಗುವುದು ಕಷ್ಟ. ಈ ಹನ್ನೆರಡಕ್ಕೂ ಏಳಕ್ಕೂ ನಡುವೆ ನಾನು ಎಷ್ಟು ಮಕ್ಕಳನ್ನು ಬಿಟ್ಟುಬಂದಿದ್ದೇನೋ ದೇವರೇ ಬಲ್ಲ.

ಬಿಳಿ ಫಾರಂ ಬಂದಾಗ ನಮ್ಮ ಚೀಲದಲ್ಲಿ ತೋಳು ಅಳೆಯುವ ಟೇಪು, ಮಗುವನ್ನು ಜೋಲಿಯಲ್ಲಿ ಕೂರಿಸಿ ತೂಗುವ ತಕ್ಕಡಿ ಸೇರಿಕೊಂಡವು. ಕೂಸನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ತಾಯಂದಿರಿಗೆ ಭಯ. ನಾವು ತೂಗುವುದು, ಅವರು ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಇಡೀ ದಿನ ಆ ಘಾಟಿಗೆ ಕೆಮ್ಮುತ್ತ ಕೆಲಸ ಮಾಡುತ್ತಿದ್ದೆವು. ಪಾವಗಡದ ತಿರುಮಣಿಯಲ್ಲಿ ನಾನು ಒಂದು ಹುಡುಗಿಯ ತೋಳಿಗೆ ಟೇಪು ಸುತ್ತುತ್ತಿದ್ದೆ. ಅದರ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಚೊಕ್ಕಾ ಕುಟ್ಟಿಸ್ತಾರಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ನನಗೆ ಅರ್ಥವಾಗಲಿಲ್ಲವೆಂದು ತಿಳಿದು ಅವಳೇ ಕನ್ನಡದಲ್ಲಿ ಹೇಳಿದಳು: "ಅಂಗಿ ಹೊಲಿಸ್ಕೊಡ್ತಾರಾ, ಸರ್ಕಾರದೋರು? ಕೆಂಪಂದು ಕೊಡ್ಸಮ್ಮಾ, ನಮ್ ಪಾಪಂಗೆ ಕೆಂಪಂದ್ರೆ ಇಷ್ಟಮು." ಆ ತೋಳಿಗೆ ಟೇಪಿನ ಕೆಂಪು ಗುರುತು ದಾಟುವಷ್ಟೂ ಮಾಂಸ ಇರಲಿಲ್ಲ. ಸಂಖ್ಯೆ ಬರೆದುಕೊಂಡು ಎದ್ದೆ. ಅಂಗಿ ಇಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ. ಸಂಬಳ ಬಂದ ಮೇಲೆ ಒಂದು ಕೆಂಪು ಅಂಗಿ ಕೊಂಡು ಕಳಿಸಬಹುದಿತ್ತು. ಕಳಿಸಲಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇದನ್ನು ಹೇಳಲು ಮನಸ್ಸು ಹಿಂಜರಿಯುತ್ತಿದ್ದುದರಿಂದ.

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಿಂದ ಒಳಗೆ ನಡೆದರೆ ಒಂದು ಗೊಲ್ಲರ ಹಟ್ಟಿ. ಕುರಿ ಮೇಕೆ ಸಾಕುವವರು, ಒಂದಿಷ್ಟು ಹೊಲ ಉಳುವವರು. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ. ಅವರಲ್ಲಿ ಆಗ ಒಂದು ಕಟ್ಟು ಇತ್ತು. ಹೆರಿಗೆಯಾದವಳು ಕೂಸಿನ ಜೊತೆ ಹಟ್ಟಿಯ ಹೊರಗೆ, ಬೇಲಿಯಾಚೆ, ಒಂದು ಸಣ್ಣ ಗುಡಿಸಲಿನಲ್ಲಿ, ಅವರ ಮಾತಿನಲ್ಲಿ ಗುಡ್ಲಿನಲ್ಲಿ, ಇರಬೇಕು. ತಿಂಗಳೋ ಎರಡು ತಿಂಗಳೋ ಕಳೆದು ಸೂತಕ ತೊಳೆದ ಮೇಲೆ ಒಳಗೆ ಕರೆದುಕೊಳ್ಳುವುದು, ಕೂಸಿಗೆ ಹೆಸರಿಡುವುದು. ಅಲ್ಲಿಯವರೆಗೆ ಅನ್ನ ನೀರು ದೂರದಿಂದ ಇಟ್ಟುಬರುತ್ತಾರೆ. ಗುಡ್ಲನ್ನು ಮುಟ್ಟಿದವರು ಸ್ನಾನ ಮಾಡದೆ ಹಟ್ಟಿಯೊಳಗೆ ಬರುವಂತಿಲ್ಲ.

ಬಿಳಿ ಫಾರಂ ಹಿಡಿದು ನಾನು ಆ ಹಟ್ಟಿಗೆ ಹೋದ ದಿನ ಖಲೀಲ್ ಸಾಬರು ಜ್ವರ ಬಂದು ಮಲಗಿದ್ದರು. ಒಬ್ಬಳೇ ಹೋದೆ. ಹಟ್ಟಿಯ ಹಿರಿಯಳಾದ ಕಾಟಜ್ಜಿ ನನ್ನನ್ನು ಬೇಲಿಯ ಬಾಯಲ್ಲೇ ನಿಲ್ಲಿಸಿ, "ಅಮ್ಮಾರೆ, ಗುಡ್ಲಾಗೆ ನಮ್ ಸೊಸೆ ಚಿತ್ತಮ್ಮ ಅವ್ಳೆ. ಮೊದ್ಲು ಮನೆಗೋಳೆಲ್ಲ ಮುಗುಸ್ಕಳಿ. ಗುಡ್ಲಿಗೆ ಕೊನೇಗೋಗಿ. ಅಲ್ಲಿಗೋದ್ಮ್ಯಾಕೆ ಒಳೀಕ್ಬರಂಗಿಲ್ಲ" ಎಂದಳು. ಆಗಲಿ ಅಜ್ಜಿ ಅಂದೆ.

ಮನೆಗಳು ಮುಗಿಯುವ ಹೊತ್ತಿಗೆ ನಾಲ್ಕೂವರೆ. ಐದೂಕಾಲಕ್ಕೆ ದೊಡ್ಡೇರಿಯಿಂದ ಕೊನೆಯ ಬಸ್ಸು. ಬೇಲಿ ದಾಟಿ ಬರುವಾಗ ಗುಡ್ಲು ಕಾಣಿಸಿತು, ಕೂಗಿದರೆ ಕೇಳುವಷ್ಟು ದೂರ. ಬಾಗಿಲಲ್ಲಿ ಒಬ್ಬ ಎಳೆಯ ಹೆಂಗಸು ಬಗ್ಗಿ ನಿಂತಿದ್ದಳು.

"ಅಮ್ಮಾರೇ, ಇಲ್ಗೂ ಬನ್ನಿ! ಕೂಸಿನ ಮೈ ಕಾಯ್ತಾ ಐತೆ, ಹಾಲೇ ಕುಡೀವಲ್ದು!"

"ನಾಳೆ ಬರ್ತೀನಮ್ಮಾ!" ಎಂದು ಕೂಗಿದೆ.

ಫಾರಂನಲ್ಲಿ ಚಿತ್ತಮ್ಮ ಎಂಬ ಹೆಸರಿನ ಮುಂದೆ "ಊರಲ್ಲಿಲ್ಲ" ಎಂದು ಬರೆದೆ. ಅಳತೆ ತೆಗೆಯದ ಮಗುವಿಗೆ ಬೇರೇನೂ ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ, ಖಾಲಿ ಬಿಟ್ಟರೆ ರಾಜಶೇಖರಯ್ಯನವರು ಬೈಯುತ್ತಿದ್ದರು. ನಾಳೆ ಬಂದು ತಿದ್ದಿದರಾಯಿತು ಎಂದುಕೊಂಡೆ. ಮಾರನೆಯ ದಿನ ನನ್ನನ್ನು ಸಿರಾ ತಾಲ್ಲೂಕಿಗೆ ಹಾಕಿದರು. ಜ್ವರದ ಕೂಸಿನ ಸುದ್ದಿ ಯಾರಿಗಾದರೂ ಹೇಳಿದೆನೇ ಎಂದು ಎಷ್ಟೋ ಸಲ ನೆನಪು ಕೆದಕಿದ್ದೇನೆ. ಹೇಳಲಿಲ್ಲ. ಆ ಕಟ್ಟನ್ನು ದೂರುವುದು ಸುಲಭ, ಬೇಕಾದಷ್ಟು ಜನ ದೂರಿದ್ದಾರೆ. ಅವತ್ತು ನನ್ನನ್ನು ತಡೆದದ್ದು ಕಟ್ಟಲ್ಲ. ಬಸ್ಸು ತಪ್ಪೀತು ಎಂಬ ಭಯ.

ಸ್ವಲ್ಪ ಕಾಲದ ಮೇಲೆ ಆ ದೊಡ್ಡ ಕೆಲಸ ಬಂತು. ಹಸಿರು ಬಿಳಿ ಎರಡನ್ನೂ ಸೇರಿಸಿ ಒಂದೇ ಪಟ್ಟಿ ಮಾಡಬೇಕು. ನಮ್ಮ ಪಟ್ಟಿ ಆಫ್ರಿಕಾದ, ಇನ್ನೂ ಎಲ್ಲೆಲ್ಲಿನವೋ ದೇಶಗಳ ಪಟ್ಟಿಗಳ ಜೊತೆ ಸೇರಿ ಸಂಶೋಧನೆಗೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು: ಎಲ್ಲಿ ಹಸುಗೂಸುಗಳು ಹೆಚ್ಚು ಸಾಯುತ್ತಿವೆಯೋ ಆ ಊರಿಗೆ ಅಲ್ಲೇ ಉಳಿದುಕೊಳ್ಳುವ ನರ್ಸಮ್ಮನೊಬ್ಬಳನ್ನು ಕೊಡುತ್ತೇವೆ ಎಂದು ಮೇಲಿನವರು ಒಪ್ಪಿದ್ದರು. ಮಧುಗಿರಿ ತಾಲ್ಲೂಕಿಗೆ ಒಬ್ಬಳೇ ನರ್ಸಮ್ಮ. ಅವಳು ಎಲ್ಲಿಗೆ ಹೋಗಬೇಕೆಂಬುದು ನಮ್ಮ ಪಟ್ಟಿಯ ಮೇಲೆ ನಿಂತಿತ್ತು.

ಆಗ ಕಂಪ್ಯೂಟರು ನಮಗೆಲ್ಲಿ? ಒಂದೊಂದು ಹೆಂಗಸಿಗೆ ಒಂದೊಂದು ದಪ್ಪ ಕಾರ್ಡು. ಕಾರ್ಡಿನ ಸುತ್ತ ಅಂಚಿನಲ್ಲಿ ತೂತುಗಳು. ಕೂಸು ಸತ್ತಿದ್ದರೆ ಅದಕ್ಕೆಂದೇ ಇರುವ ತೂತಿನ ಅಂಚನ್ನು ಕತ್ತರಿಸಿ ಬಾಯಿ ಬಿಡಿಸುವುದು. ಆಮೇಲೆ ಇಡೀ ಕಟ್ಟಿಗೆ ಸ್ವೆಟರ್ ಹೆಣೆಯುವ ಕಡ್ಡಿಯಂಥದನ್ನು ತೂರಿಸಿ ಎತ್ತಿ ಅಲ್ಲಾಡಿಸಿದರೆ, ಬಾಯಿ ಬಿಟ್ಟ ಕಾರ್ಡುಗಳು ಕೆಳಗೆ ಉದುರುತ್ತವೆ, ಉಳಿದವು ಕಡ್ಡಿಯಲ್ಲೇ ನೇತಾಡುತ್ತವೆ. ಉದುರಿದ್ದನ್ನು ಎಣಿಸುವುದು. ಒಂದೂವರೆ ವರ್ಷ ಹಿಡಿದದ್ದು ಈ ಕಾರ್ಡುಗಳನ್ನು ತುಂಬಿಸುವುದಕ್ಕೆ.

ಕಷ್ಟವೆಂದರೆ ಎರಡು ಸರ್ವೆಗಳು ಒಂದೇ ಪ್ರಶ್ನೆ ಕೇಳಿರಲಿಲ್ಲ. ಹಸಿರು ಫಾರಂ ಕೇಳಿದ್ದು: ನಿನ್ನೆ ರಾತ್ರಿ ಈ ಮನೆಯೊಳಗೆ ಮಲಗಿದ್ದವರು ಯಾರು? ಬಿಳಿ ಫಾರಂ ಕೇಳಿದ್ದು: ಈ ಮನೆಗೆ ಸೇರಿದವರು ಯಾರು, ಅವರಲ್ಲಿ ಇವತ್ತು ಸಿಕ್ಕವರು ಯಾರು? ಒಂದರಲ್ಲಿದ್ದವರು ಇನ್ನೊಂದರಲ್ಲಿ ಇಲ್ಲ. ರಾಜಶೇಖರಯ್ಯನವರು ಮೂರು ದಿನ ಯೋಚಿಸಿ ಒಂದು ನಿಯಮ ಮಾಡಿದರು. ಎರಡೂ ಫಾರಂಗಳಲ್ಲಿ ಸಿಕ್ಕ ಹೆಂಗಸರಿಗೆ ಮಾತ್ರ ಕಾರ್ಡು. ಅನುಮಾನ ಬಂದದ್ದನ್ನು ತೆಗೆದುಹಾಕಿ. ಪುಸ್ತಕದ ಲೆಕ್ಕಕ್ಕೆ ಅದು ಸರಿಯಾದ ನಿಯಮವೇ. ಹೆಸರು ಹೊಂದಿಸುತ್ತ, ಹೊಂದದ ಫಾರಂಗಳನ್ನು ಗೋಣಿಚೀಲಕ್ಕೆ ಹಾಕುತ್ತ ಹೋದೆ. ಅಚ್ಚುಕಟ್ಟಾಗಿ ಮಾಡುತ್ತೀರಿ ಎಂದು ಹೊಗಳಿಸಿಕೊಂಡದ್ದೂ ಉಂಟು.

ಆ ಹಟ್ಟಿಯ ಕಾರ್ಡಿನ ಕಟ್ಟಿಗೆ ಕಡ್ಡಿ ತೂರಿಸಿ ಎತ್ತಿದ ದಿನ ಒಂದು ಕಾರ್ಡೂ ಉದುರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಇಲ್ಲ.

ಪಕ್ಕದ ಮೇಜಿನಲ್ಲಿದ್ದ ಖಲೀಲ್ ಸಾಬರು ಕತ್ತೆತ್ತಿ ನೋಡಿದರು. "ಯಾವೂರಮ್ಮ ಅದು? ಕೂಸುಗಳೇ ಸಾಯದ ಊರು? ನಾವೂ ಅಲ್ಲಿಗೇ ಹೋಗ್ಬಿಡೋಣ" ಎಂದು ನಕ್ಕರು. ನಾನು ಊರು ಹೇಳಿದೆ. ಅವರ ನಗು ನಿಂತುಹೋಯಿತು. "ಹಟ್ಟೀನಾ? ಮತ್ತೆ ಗುಡ್ಲು?"

ಗೋಣಿಚೀಲ ಸುರಿದು ಹುಡುಕಿದೆ. ಹಸಿರು ಸರ್ವೆಯ ದಿನ ಗುಡ್ಲಿನಲ್ಲಿದ್ದವಳು "ಮನೆಯೊಳಗೆ ಮಲಗಿದ್ದವಳು" ಅಲ್ಲ. ಅವಳು ಬಿಟ್ಟುಹೋದಳು. ಬಿಳಿ ಸರ್ವೆಯ ದಿನ ಗುಡ್ಲಿನಲ್ಲಿದ್ದವಳು ನನ್ನ ಅಕ್ಷರದಲ್ಲೇ "ಊರಲ್ಲಿಲ್ಲ". ಅವಳೂ ಹೋದಳು. ಎರಡರಲ್ಲೂ ಉಳಿದವರು ಯಾರು? ಆಗ ಕೈಗೂಸು ಇಲ್ಲದವರು, ಮಕ್ಕಳು ದೊಡ್ಡವರಾದವರು. ಎಳೆಗೂಸಿನ ತಾಯಂದಿರನ್ನೆಲ್ಲ ಆರಿಸಿ ಆರಿಸಿ ನಾವೇ ಹೊರಗೆ ಹಾಕಿದ್ದೆವು. ಹಸಿರು ಫಾರಂನ ಅಂಚಿನಲ್ಲಿ ಗೀಚಿದ್ದ ಹೆಸರು ನೋಡಿದೆ, ಅವಳೂ ಚಿತ್ತಮ್ಮನೇ, ಚೊಚ್ಚಲ ಹೆರಿಗೆ. ಬಿಳಿ ಸರ್ವೆಯವಳೂ ಅವಳೇ. ಎರಡು ಸಲವೂ ಗುಡ್ಲಿನಲ್ಲಿದ್ದ ಅವಳು ನಮ್ಮ ಲೆಕ್ಕದಲ್ಲಿ ಹುಟ್ಟಿಯೇ ಇರಲಿಲ್ಲ.

ರಾಜಶೇಖರಯ್ಯನವರ ಮುಂದೆ ನಿಂತು ಎಲ್ಲ ಹೇಳಿದೆ. "ಊರಲ್ಲಿಲ್ಲ" ಎಂದು ಸುಳ್ಳು ಬರೆದದ್ದನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ನಿಯಮ ಎಲ್ಲಾ ಊರಿಗೂ ಒಂದೇ ಇರಬೇಕಮ್ಮ. ಒಂದು ಹಟ್ಟಿಗೆ ಬದಲಾಯಿಸಿದರೆ ಬೇರೆ ದೇಶಗಳ ಪಟ್ಟಿ ಜೊತೆ ನಮ್ಮದು ಸೇರೋದಿಲ್ಲ. ನಿಮ್ಮ ನೆನಪನ್ನ ನಾನು ಯಾವ ಕಾರ್ಡಿಗೆ ಹಾಕಲಿ?"

"ನೆನಪು ಬೇಡ ಸರ್. ಹೋಗಿ ಕೇಳಿಕೊಂಡು ಬರ್ತೀವಿ."

ಅವರು ಒಂದು ಖಾಲಿ ಹಾಳೆ ನನ್ನ ಕಡೆ ಸರಿಸಿ, "ಹೋಗಿಬನ್ನಿ. ಬೇರೆ ಹಾಳೇಲಿ ಬರೆದುಕೊಂಡು ಬನ್ನಿ" ಎಂದರು.

ಭಾನುವಾರ ನಾನೂ ಸಾಬರೂ ಹೋದೆವು. ಈ ಸಲ ಮೊದಲು ಗುಡ್ಲಿನ ಕಡೆಗೇ ನಡೆದೆ. ಅದರಲ್ಲಿ ಯಾರೂ ಇರಲಿಲ್ಲ. ಚಿತ್ತಮ್ಮ ಹಟ್ಟಿಯೊಳಗೆ ಅತ್ತೆಯ ಜೊತೆ ಹುರುಳಿ ಹಸನು ಮಾಡುತ್ತಿದ್ದಳು. ನನ್ನ ಗುರುತು ಅವಳಿಗೆ ಕೂಡಲೇ ಹತ್ತಿತು. ನಾನು ಪಕ್ಕದಲ್ಲಿ ಕೂತು, ಸಾಬರು ಕಲಿಸಿದಂತೆ, "ಎಷ್ಟು ಹೊತ್ತಿದ್ಯಮ್ಮ? ಎಲ್ಲಾ ಮನೇಲೇ ಇದ್ದಾರಾ?" ಎಂದು ಕೇಳಿ ಸುಮ್ಮನಾದೆ.

"ಎರ್ಡು ಕಣಮ್ಮ. ಮೊದ್ಲುಂದು ಹೆಣ್ಣು, ಹನ್ನೊಂದ್ ದಿನ ಇತ್ತು. ಚಳಿ ತಡೀನಿಲ್ಲ. ಎರಡ್ನೇದು ಗಂಡು." ಹುರುಳಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಆಚೆಗೆ ಎಸೆದಳು. "ನೀವು ನಾಳೆ ಬತ್ತೀನಿ ಅಂದ್ರಲ್ಲ, ಅದ್ರ ಮಾರ್ನೇ ದಿನ ಬೆಳಿಗ್ಗೆ ಓಯ್ತು."

ಕಾಟಜ್ಜಿ ಮೊರ ಕೊಡವುತ್ತ ಗೊಣಗಿದಳು: "ನಮ್ ಹಿರೀಕ್ರು ಕೂಸು ಬಾಣ್ತೀನ ಜನ್ರ ಕೈಗೆ ಸಿಗ್ದಂಗೆ ಕಾಪಾಡಾನ ಅಂತ್ಲೇ ಮಡ್ಗಿದ್ದು ಆಚೀಗೆ. ನಮಗೇನ್ ಕರ್ಳು ಚುರ್ ಅನ್ನಲ್ವಾ? ಗುಡ್ಲತ್ರಕ್ಕೆ ಬರೋ ನರ್ಸಮ್ಮ ಒಬ್ಳಿದ್ರೆ ನಾವೇನ್ ಬ್ಯಾಡ ಅಂತೀವಾ?"

"ಇನ್ನೊಂದಾದ್ರೆ ನರ್ಸಮ್ಮ ಇರ್ಬೇಕು ಕಣಮ್ಮ, ನಿಮ್ ಸಾಯೇಬ್ರಿಗೆ ಯೋಳಿ" ಎಂದಳು ಚಿತ್ತಮ್ಮ. ಅವಳ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತು ಹಟ್ಟಿಯ ಎಲ್ಲ ಹೆಂಗಸರನ್ನೂ ಕೇಳಿದೆವು. ಗುಡ್ಲಿನಲ್ಲೇ ಹುಟ್ಟಿ ಗುಡ್ಲಿನಲ್ಲೇ ಹೋದ ಕೂಸುಗಳು ಒಂದು ಹಾಳೆಯ ಎರಡೂ ಬದಿ ತುಂಬಿದವು. ಒಂದಕ್ಕೂ ಹೆಸರಿಲ್ಲ, ಹೆಸರಿಡದ ಕೂಸನ್ನು ಅವರು ಅದುವರೆಗೆ ಯಾವ ಸರ್ವೆಗೂ ಎಣಿಸಿ ಹೇಳಿರಲಿಲ್ಲ.

ಆ ಹಾಳೆಯನ್ನು ರಾಜಶೇಖರಯ್ಯನವರು ತಾವೇ ಕೂತು ಟೈಪು ಮಾಡಿದರು. ಬೇರೆ ಯಾರಿಗೂ ಕೊಡಲಿಲ್ಲ. ವರದಿಯ ಕೊನೆಗೆ ಅನುಬಂಧ ಎಂದು ಸೇರಿಸಿ, ಈ ಹಟ್ಟಿಯನ್ನು ವಿಶೇಷವಾಗಿ ಗಮನಿಸಬೇಕೆಂದು ಪತ್ರ ಬರೆದು ಮೇಲಕ್ಕೆ ಕಳಿಸಿದರು. ಮೇಲೆ ಕೂತವರು ಪಟ್ಟಿ ನೋಡಿದರು, ಪತ್ರ ನೋಡಲಿಲ್ಲವೋ, ನೋಡಿದರೂ ಬಿಟ್ಟರೋ ತಿಳಿಯದು. ವರದಿ ಅಚ್ಚಾಗಿ ಬಂದಾಗ ಅನುಬಂಧ ಇರಲಿಲ್ಲ. ಪಟ್ಟಿಯಲ್ಲಿ ಹಟ್ಟಿಯ ಹೆಸರಿನ ಸಾಲೂ ಇರಲಿಲ್ಲ. ಸಾವಿಲ್ಲದ ಊರುಗಳನ್ನು ಪುಟ ಉಳಿಸಲೆಂದು ಕೈಬಿಟ್ಟಿದ್ದರು. ಮಧುಗಿರಿ ತಾಲ್ಲೂಕಿನ ನರ್ಸಮ್ಮ ಟಾರು ರಸ್ತೆಯ ಪಕ್ಕದ ಒಂದು ದೊಡ್ಡ ಹಳ್ಳಿಗೆ ಹೋದಳು. ಆ ಹಳ್ಳಿಯಲ್ಲೂ ಕೂಸುಗಳು ಸಾಯುತ್ತಿದ್ದುದು ಸುಳ್ಳಲ್ಲ.

ರಾಜಶೇಖರಯ್ಯನವರು ವರದಿಯ ಒಂದು ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ನಿಯಮ ನನ್ನದು ಶಿವಗಂಗಮ್ಮ. ನೀವೊಬ್ಬರೇ ಹೊತ್ಕೋಬೇಡಿ" ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮುಂದೆ ಬಂದ ಸರ್ವೆಗಳಲ್ಲೆಲ್ಲ, ಪ್ರಶ್ನೆ ಶುರು ಮಾಡುವ ಮೊದಲು ಊರಿನ ಸುತ್ತ ಒಂದು ಸಲ ನಡೆದುಬರಬೇಕು, ಊರಾಚೆ ಯಾರಿದ್ದಾರೆ ನೋಡಬೇಕು ಎಂದು ಅವರು ಹೊಸಬರಿಗೆ ಕಡ್ಡಾಯ ಮಾಡಿದರು. ಕಾರ್ಡುಗಳು ಹೋಗಿ ಕಂಪ್ಯೂಟರ್ ಟೇಪು ಬಂತು, ಅವರು ನಿವೃತ್ತರಾದರು, ಆ ನಡೆದುಬರುವ ಪದ್ಧತಿಯೂ ಯಾವಾಗಲೋ ನಿಂತಿತು. ಬೀದಿಯ ಆ ಹುಡುಗಿ ಇದನ್ನು ಓದಿದರೆ ಮತ್ತೆ ಶುರು ಮಾಡಲಿ. ಎರಡು ಸರ್ವೆ ಸೇರಿಸುವಾಗ ಹೊಂದಿದ ಫಾರಂಗಳನ್ನು ಯಾರಾದರೂ ನೋಡುತ್ತಾರೆ. ಹೊಂದದೆ ಚೀಲ ಸೇರಿದವು ಯಾರವು ಎಂದು ಅವಳು ನೋಡಲಿ.

ವರದಿ ಬಂದ ಮೇಲೆ ನಾನು ಒಂದು ಸಲ ಹಟ್ಟಿಗೆ ಹೋದೆ. ಯಾಕೆ ಹೋದೆನೋ, ನರ್ಸಮ್ಮ ಬರುವುದಿಲ್ಲವೆಂದು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಲಿ ಎಂದಿರಬೇಕು. ವರದಿಯೂ ಕೈಯಲ್ಲೇ ಇತ್ತು. ಚಿತ್ತಮ್ಮನಿಗೆ ಎಂಟು ತಿಂಗಳು ತುಂಬಿತ್ತು. ಆ ಮೂರನೆಯ ಕೂಸು ಉಳಿಯಿತೆಂದು ಆಮೇಲೆ ಖಲೀಲ್ ಸಾಬರಿಂದ ತಿಳಿಯಿತು. ಉಳಿಯದಿದ್ದರೆ ಇದನ್ನೆಲ್ಲ ಬರೆಯಲು ನನ್ನ ಕೈ ಏಳುತ್ತಿರಲಿಲ್ಲ. ಆದರೆ ಅವತ್ತು ಅದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಅವಳು ಸೆರಗಿನಿಂದ ಜಗಲಿ ಒರೆಸಿ ನನ್ನನ್ನು ಕೂರಿಸಿದಳು. ಪುಸ್ತಕ ನೋಡಿ ಮುಖ ಅರಳಿತು.

"ಅವತ್ತು ಬರ್ಕಂಡೋದ್ರಲ್ಲ, ಅದೇಯಾ ಇದು? ಅಚ್ಚಾಗಿ ಬಂತಾ?"

"ಹೂಂ."

"ನನ್ ಕೂಸುಗ್ಳು ಯಾವ್ ಗೆರೇಲವೆ? ತೋರ್ಸಿ ಅಮ್ಮಾರೆ."

ಇಲ್ಲ ಎನ್ನಬೇಕಿತ್ತು. ಪಟ್ಟಿಯ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟೆ. ಅದು ಪಾವಗಡ ಕಡೆಯ ಯಾವುದೋ ಹಳ್ಳಿಯ ಸಾಲು. ಅವಳಿಗೆ ಓದು ಬರುತ್ತಿರಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಆ ಸಾಲಿನ ಮೇಲೆ ತನ್ನ ಬೆರಳಿಟ್ಟಳು.

"ಎರ್ಡೂ ಇಲ್ಲೇ ಅವೆಯಾ?"

"ಹೂಂ, ಎರಡೂ."

ಆಮೇಲೆ ಬೆರಳು ತೆಗೆಯದೆ ಕೇಳಿದಳು: "ಇಬ್ರೂ ಅವ್ರೆ ಅಂತೀರ. ಮತ್ತೆ ನರ್ಸಮ್ಮ ಯಾಕೆ ಬರ್ನಿಲ್ಲ ಕಣಮ್ಮ?"

ಆಗ ನನ್ನಿಂದ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ನೀನು ಗುಡ್ಲಿನಲ್ಲಿದ್ದೆ, ಊರಲ್ಲಿಲ್ಲ ಅಂತ ಬರೆದೆ, ನಿನ್ನ ಮಕ್ಕಳು ಈ ಪುಸ್ತಕದಲ್ಲಿ ಎಲ್ಲೂ ಇಲ್ಲ, ಅದಕ್ಕೇ ನರ್ಸಮ್ಮ ಬರೋದಿಲ್ಲ, ತಪ್ಪು ನನ್ನದು ಅಂದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬೈಯಲಿ, ಎದ್ದು ಹೋಗಲಿ ಎಂದು ಕಾದು ಕೂತೆ.

"ಅಂಗಾರೆ ಈ ಗೆರೆ ಯಾರ್ದು?" ಎಂದಳು.

"ಪಾವಗಡ ಕಡೆಯ ಒಂದೂರಿಂದು. ಅಲ್ಲಿನ ಮಕ್ಕಳದು."

"ಅವೂ ಸತ್ತೋದವೇ ಅಲ್ವಾ?"

ನಾನು ತಲೆಯಾಡಿಸಿದೆ. ಚಿತ್ತಮ್ಮ ಮತ್ತೆ ಮುಂದಕ್ಕೆ ಬಗ್ಗಿ, ಆ ಸಾಲನ್ನು ಅಂದಾಜಿನಲ್ಲಿ ಹುಡುಕಿ, ಅದರ ಮೇಲೆ ಅಂಗೈ ಇಟ್ಟು ಕೂತಳು.